ತಪ್ಪು ಹಾಡಿದವರ ಭಕ್ತರು

'ಲೂಯಿ ಲೂಯಿ' ಹಾಡಿನಲ್ಲಿ ಗಿಟಾರಿನ ಸರದಿ ಮುಗಿಯುತ್ತಿದ್ದಂತೆ ಹಾಡುಗಾರ ಜ್ಯಾಕ್ ಈಲಿ ಮುಂದಿನ ಚರಣ ಎತ್ತಿಕೊಳ್ಳುತ್ತಾನೆ. ತಾಳ ಇನ್ನೂ ಅಲ್ಲಿಗೆ ಬಂದಿರುವುದಿಲ್ಲ. ಒಂದೆರಡು ಪದ ಬಾಯಿಂದ ಜಾರಿದ ಮೇಲೆ ತಪ್ಪು ಗೊತ್ತಾಗಿ ಗಕ್ಕನೆ ನಿಲ್ಲುತ್ತಾನೆ. ಡ್ರಮ್ ಬಾರಿಸುವವನು ಗಡಿಬಿಡಿಯಲ್ಲಿ ಕೆಲವು ಪೆಟ್ಟು ಹೆಚ್ಚಿಗೆ ಹಾಕಿ ಆ ಸಂದನ್ನು ಮುಚ್ಚುತ್ತಾನೆ. ಈಲಿ ಮತ್ತೆ ಶುರು ಮಾಡುತ್ತಾನೆ. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನ ಸಣ್ಣ ಸ್ಟುಡಿಯೋ ಒಂದರಲ್ಲಿ ಕಿಂಗ್ಸ್‌ಮೆನ್ ತಂಡದ ಹುಡುಗರು ಇದನ್ನು ಒಂದೇ ಸಲಕ್ಕೆ ನುಡಿಸಿ ಮುಗಿಸಿದರು. ಮೈಕು ತಲೆಗಿಂತ ಮೇಲೆ ತೂಗುತ್ತಿತ್ತು, ಈಲಿ ಕತ್ತೆತ್ತಿ ಕೂಗಬೇಕಾಯಿತು. ಪದಗಳು ಎಷ್ಟು ಕಲಸಿಹೋದವೆಂದರೆ, ಇದರಲ್ಲಿ ಅಶ್ಲೀಲವೇನೋ ಅಡಗಿದೆ ಎಂಬ ಗುಲ್ಲೆದ್ದು ಎಫ್‌ಬಿಐ ತನಿಖೆಗೇ ಇಳಿಯಿತು. ಯಾವ ವೇಗದಲ್ಲಿ ತಿರುಗಿಸಿ ಕೇಳಿದರೂ ಏನೂ ಅರ್ಥವಾಗದು ಎಂಬುದಷ್ಟೇ ಕೊನೆಗೆ ಸಿಕ್ಕ ಉತ್ತರ. ಆ ತಪ್ಪು ಪ್ರವೇಶ ಮಾತ್ರ ಅಮರವಾಯಿತು. ಮುಂದೆ ಈ ಹಾಡನ್ನು ನುಡಿಸಿದ ಎಷ್ಟೋ ತಂಡಗಳು ಅದೇ ಜಾಗದಲ್ಲಿ ಬೇಕೆಂದೇ ಎಡವಿದವು.

ಗರಾಜ್ ರಾಕ್ ಎಂಬ ಪರಂಪರೆಯ ಗುಟ್ಟೆಲ್ಲ ಈ ಎಡವಿನಲ್ಲಿದೆ. ಎಡವಿದವರು ಹುಡುಗರು, ಅದನ್ನು ನಾಟ್ಯವೆಂದು ಕೊಂಡಾಡಿದವರು ಅಭಿಮಾನಿಗಳು. 1966ರಲ್ಲಿ ಅಮೆರಿಕದ ಯಾವ ಹುಡುಗನೂ ತಾನು 'ಗರಾಜ್ ರಾಕ್' ನುಡಿಸುತ್ತಿದ್ದೇನೆ ಎಂದುಕೊಂಡಿರಲಿಲ್ಲ. ಅವನಿಗೆ ಬೀಟಲ್ಸ್ ಆಗಬೇಕಿತ್ತು, ಇಲ್ಲವೇ ರೋಲಿಂಗ್ ಸ್ಟೋನ್ಸ್ ಆಗಬೇಕಿತ್ತು; ಆಗಲಿಲ್ಲ. ಹಾಗೆ ಆಗದೆ ಉಳಿದದ್ದಕ್ಕೆ ಹೆಸರಿಟ್ಟು, ಸಾಲುಗೂಡಿಸಿ, ಪಂಥವಾಗಿ ನಿಲ್ಲಿಸಿದವರು ಆಮೇಲೆ ಬಂದ ರೆಕಾರ್ಡ್ ಸಂಗ್ರಾಹಕರು, ಕಿರುಪತ್ರಿಕೆಯವರು, ರೇಡಿಯೋದವರು. ಆದ್ದರಿಂದ ಇಲ್ಲಿ ಹಾಡುಗಳ ಜೊತೆಗೆ ಅಭಿಮಾನವನ್ನೂ ಒಂದು ಕೃತಿಯೆಂದೇ ತೂಗಿ ನೋಡಬೇಕು. ನನಗೆ ಕಂಡ ಹಾಗೆ, ಈ ಅಭಿಮಾನ ಕಿವಿಯಾಗಿದ್ದಾಗ ದೊಡ್ಡ ಕೆಲಸ ಮಾಡಿದೆ, ಕಪಾಟಾದಾಗ ಸಣ್ಣದಾಗಿದೆ.

ಮೊದಲು ಹುಡುಗರ ಕಥೆ. 1964ರ ಫೆಬ್ರವರಿ 9ರಂದು ಬೀಟಲ್ಸ್ ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಹಾಡಿದ್ದನ್ನು ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ಮರುದಿನದಿಂದಲೇ ಊರೂರಲ್ಲಿ ಹುಡುಗರು ಅಗ್ಗದ ಗಿಟಾರು ತಂದು, ಅಪ್ಪನ ಕಾರ್ ಶೆಡ್ಡಿನಲ್ಲಿ, ಅಂದರೆ ಗರಾಜಿನಲ್ಲಿ, ಗದ್ದಲ ಎಬ್ಬಿಸತೊಡಗಿದರು. ಶಾಲೆಯ ಕುಣಿತದ ಸಂಜೆಗಳಲ್ಲಿ ನುಡಿಸಿದರು. ಕೈಗೂಡಿದವರು ಊರಿನ ಸ್ಟುಡಿಯೋದಲ್ಲಿ ಎರಡು ಹಾಡು ಮುದ್ರಿಸಿ, ಏಳು ಇಂಚಿನ ತಟ್ಟೆಯನ್ನು ಕೆಲವು ನೂರು ಪ್ರತಿ ಒತ್ತಿಸಿ, ಸ್ಥಳೀಯ ರೇಡಿಯೋ ನಿಲಯದ ಬಾಗಿಲು ತಟ್ಟಿದರು. ಆಮೇಲೆ ಒಬ್ಬ ಕಾಲೇಜಿಗೆ ಹೋದ, ಒಬ್ಬನಿಗೆ ವಿಯೆಟ್ನಾಂ ಯುದ್ಧದ ಕರೆ ಬಂತು, ಒಬ್ಬನಿಗೆ ಮದುವೆಯಾಯಿತು. ದಶಕ ಮುಗಿಯುವಷ್ಟರಲ್ಲಿ ಎಲ್ಲ ತಣ್ಣಗಾಗಿತ್ತು.

ಆ ಬೂದಿಯನ್ನು ಕೆದಕಿದವರು ಲೆನ್ನಿ ಕೇ. ನ್ಯೂಯಾರ್ಕಿನ ಹಳೇ ರೆಕಾರ್ಡ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಲೇ ಸಂಗೀತದ ಬಗ್ಗೆ ಬರೆಯುತ್ತಿದ್ದವರು, ಮುಂದೆ ಪ್ಯಾಟಿ ಸ್ಮಿತ್ ತಂಡದ ಗಿಟಾರ್ ವಾದಕ. 1972ರಲ್ಲಿ ಇಲೆಕ್ಟ್ರಾ ಕಂಪನಿಗಾಗಿ 27 ಹಾಡು ಆಯ್ದು, 'ನಗೆಟ್ಸ್' ಎಂಬ ಜೋಡಿ ತಟ್ಟೆಯ ಸಂಕಲನ ಕಟ್ಟಿದರು. ಸಂಕಲನಕಾರನೂ ವಿಮರ್ಶಕನೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೇರೆ ಬೇರೆ ಊರಿನ, ಪರಸ್ಪರ ಹೆಸರೇ ಕೇಳದ ತಂಡಗಳು ಒಂದರ ಪಕ್ಕ ಒಂದು ಕೂತಾಗ, ಅವೆಲ್ಲ ಒಂದೇ ಮನೆತನದವು ಎಂಬುದು ಕಿವಿಗೆ ತಾನಾಗಿ ಹೊಳೆಯಿತು. ಕವರಿನ ಬರಹದಲ್ಲಿ ಕೇ ಈ ಸಂಗೀತಕ್ಕೆ ಪಂಕ್ ರಾಕ್ ಎಂಬ ಮಾತು ಬಳಸಿದರು. ಲಂಡನ್ನಿನ ಪಂಕ್ ಹುಡುಗರು ಬಟ್ಟೆಗೆ ಸೇಫ್ಟಿ ಪಿನ್ನು ಚುಚ್ಚಿಕೊಳ್ಳಲು ಇನ್ನೂ ನಾಲ್ಕು ವರ್ಷವಿತ್ತು.

ಒಂದು ವಿಷಯವನ್ನು ಮಾತ್ರ ಭಕ್ತರು ಮರೆಯುತ್ತಾರೆ. 'ನಗೆಟ್ಸ್' ಅಪರೂಪದ ಸರಕಿನ ಸಂಕಲನವಾಗಿರಲಿಲ್ಲ. ಅದರಲ್ಲಿನ ಹಲವು ಹಾಡು ತಮ್ಮ ಕಾಲದಲ್ಲಿ ರೇಡಿಯೋದಲ್ಲಿ ಚೆನ್ನಾಗಿ ಓಡಿದ್ದವು. ಕೌಂಟ್ ಫೈವ್ ತಂಡದ 'ಸೈಕೋಟಿಕ್ ರಿಯಾಕ್ಷನ್' 1966ರಲ್ಲಿ ದೇಶದ ಐದನೇ ಸ್ಥಾನಕ್ಕೇರಿತ್ತು. ಆರೇಳು ವರ್ಷದ ಹಿಂದೆ ಎಲ್ಲರೂ ಕೇಳಿ ಮರೆತದ್ದನ್ನು ಕೇ ನೆನಪಿಸಿದರು, ಅಷ್ಟೇ. ಆಯ್ಕೆಗೆ ಅಳತೆಗೋಲು ಹಾಡಿನ ಬಿಸಿ, ಅದರ ಕೊರತೆಯಲ್ಲ.

ಅಲ್ಲಿಂದ ಮುಂದೆ ಪರಂಪರೆ ಮೆಟ್ಟಿಲಿಳಿಯುತ್ತ ಹೋಯಿತು. ಸರಣಿಗಳ ಹೆಸರೇ ಇದನ್ನು ಹೇಳುತ್ತದೆ. ನಗೆಟ್ಸ್ ಎಂದರೆ ಚಿನ್ನದ ಗಟ್ಟಿ. 1978ರಲ್ಲಿ ಗ್ರೆಗ್ ಶಾ ಶುರು ಮಾಡಿದ ಸರಣಿ 'ಪೆಬಲ್ಸ್', ಅಂದರೆ ಬೆಣಚುಕಲ್ಲು. 1983ರಲ್ಲಿ ಕ್ರಿಪ್ಟ್ ಕಂಪನಿಯ ಟಿಮ್ ವಾರನ್ ತಂದದ್ದು 'ಬ್ಯಾಕ್ ಫ್ರಮ್ ದಿ ಗ್ರೇವ್', ಗೋರಿಯಿಂದ ಎದ್ದು ಬಂದದ್ದು. ಚಿನ್ನದಿಂದ ಕಲ್ಲಿಗೆ, ಕಲ್ಲಿನಿಂದ ಗೋರಿಗೆ. ಪ್ರತಿ ಮೆಟ್ಟಿಲಲ್ಲೂ ಹಾಡು ಇನ್ನಷ್ಟು ಒರಟು, ತಂಡ ಇನ್ನಷ್ಟು ಅನಾಮಿಕ. ಇದರಲ್ಲಿ ನಿಜವಾದ ಶೋಧವೂ ಇತ್ತು. ಟೆಕ್ಸಾಸ್‌ನ ಗ್ರೀನ್ ಫಝ್ ಎಂಬ ಹುಡುಗರು ಸ್ಟುಡಿಯೋದ ಬದಲು ಒಂದು ಕೆಫೆಯಲ್ಲಿ ಮುದ್ರಿಸಿದ ಹಾಡು ಕಂಬಳಿಯೊಳಗಿಂದ ಬಂದಂತೆ ಮಂಕಾಗಿ ಕೇಳುತ್ತದೆ. ಯಾವ ಕಂಪನಿಯೂ ಅದನ್ನು ಮುಟ್ಟುತ್ತಿರಲಿಲ್ಲ. ಅದು 'ಪೆಬಲ್ಸ್' ಸರಣಿಯಲ್ಲಿ ಬಂತು; 1981ರಲ್ಲಿ ಕ್ರ್ಯಾಂಪ್ಸ್ ಎಂಬ ಪಂಕ್ ತಂಡ ತನ್ನ ಆಲ್ಬಮ್ಮಿಗೆ ಅದನ್ನು ಎತ್ತಿಕೊಂಡಿತು. ಸಂಗ್ರಾಹಕನ ಕಿವಿ ಇಲ್ಲದಿದ್ದರೆ ಈ ಕೊಂಡಿ ಬೆಸೆಯುತ್ತಲೇ ಇರಲಿಲ್ಲ.

ಆದರೆ ಮೆಟ್ಟಿಲಿಳಿಯುತ್ತ ಹೋದಂತೆ ಒಂದು ಚಟವೂ ಅಂಟಿಕೊಂಡಿತು. ಯಾರೂ ಕೇಳದ್ದೇ ಶ್ರೇಷ್ಠ, ಕೆಟ್ಟದಾಗಿ ಮುದ್ರಿತವಾದದ್ದೇ ಪ್ರಾಮಾಣಿಕ ಎಂಬ ನಂಬಿಕೆ. ಚೆನ್ನಾಗಿ ನುಡಿಸಬಲ್ಲ ತಂಡದ ಮೇಲೆ ಅನುಮಾನ, ಜನಪ್ರಿಯವಾದದ್ದರ ಮೇಲೆ ತಾತ್ಸಾರ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನದ ಓಲೆಗರಿ ಕೂಡಿಸಿದ್ದನ್ನು ಬಲ್ಲ ಕನ್ನಡಿಗರಿಗೆ ಹುಡುಕಾಟದ ಈ ಹುಚ್ಚು ಹೊಸದಲ್ಲ. ಆದರೆ ಹಳಕಟ್ಟಿಯವರು ವಚನ ದೊಡ್ಡದೆಂದು ಓಲೆ ಹುಡುಕಿದರು. ಓಲೆ ಒಂದೇ ಪ್ರತಿ ಇದೆಯೆಂದು ವಚನವನ್ನು ದೊಡ್ಡದು ಮಾಡಲಿಲ್ಲ.

ಬರವಣಿಗೆಯಲ್ಲಿ ಈ ಪರಂಪರೆಗೆ ಎರಡು ದಾರಿ. ಒಂದು ಉನ್ಮಾದದ್ದು. 1971ರಲ್ಲಿ ಡೆಟ್ರಾಯಿಟ್ ಕಡೆಯ 'ಕ್ರೀಮ್' ಪತ್ರಿಕೆಯಲ್ಲಿ ಡೇವ್ ಮಾರ್ಷ್ ಪಂಕ್ ರಾಕ್ ಎಂಬ ಪದ ಚಲಾವಣೆಗೆ ಬಿಟ್ಟರು. ಅದೇ ವರ್ಷ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಕೌಂಟ್ ಫೈವ್ ಬಗ್ಗೆ ಒಂದು ವಿಚಿತ್ರ ಪ್ರಬಂಧ ಬರೆದರು. ಒಂದೇ ಆಲ್ಬಂ ತಂದು ಮುಗಿದ ಆ ತಂಡಕ್ಕೆ ಇಲ್ಲದ ಆಲ್ಬಂಗಳನ್ನು ತಾವೇ ಹುಟ್ಟಿಸಿ, ಗಂಭೀರವಾಗಿ ವಿಮರ್ಶೆ ಮಾಡಿದರು. ಇದು ಹುಡುಗಾಟವೂ ಹೌದು, ಪಂಥದ ಒಳಗುಟ್ಟೂ ಹೌದು. ಗರಾಜ್ ರಾಕಿನ ಅಭಿಮಾನಿ ಪ್ರೀತಿಸುವುದು ಆದದ್ದನ್ನಲ್ಲ, ಆಗಬಹುದಾಗಿದ್ದನ್ನು ಎಂದು ಬ್ಯಾಂಗ್ಸ್‌ಗೆ ಎಲ್ಲರಿಗಿಂತ ಮೊದಲೇ ತಿಳಿದಿತ್ತು.

ಇನ್ನೊಂದು ದಾರಿ ಲೆಕ್ಕದ ಪುಸ್ತಕದ್ದು. ವರ್ನನ್ ಜಾಯ್ನ್‌ಸನ್ ಅವರ 'ಫಝ್, ಆ್ಯಸಿಡ್ ಆ್ಯಂಡ್ ಫ್ಲವರ್ಸ್', 2012ರಲ್ಲಿ ಬಂದ ಮೈಕ್ ಮಾರ್ಕೆಸಿಚ್ ಅವರ 'ಟೀನ್‌ಬೀಟ್ ಮೇಹೆಮ್' ಈ ಜಾತಿಯವು. ತಂಡ, ಊರು, ತಟ್ಟೆಯ ನಂಬರು: ಸಾವಿರಾರು ನಮೂದು. ಪಂಚಾಂಗದಷ್ಟೇ ಒಣ, ಪಂಚಾಂಗದಷ್ಟೇ ಉಪಯುಕ್ತ. ಆದರೆ ಅಂಕಿ ಕೊಟ್ಟು ಹಾಡು ಅಳೆಯುವ ಗೀಳು ಇಂಥ ಸೂಚಿಗಳ ಬಳಗದಲ್ಲೇ ಬೆಳೆಯಿತು. ಎರಡರ ನಡುವೆ ನಡೆದದ್ದು ಮೈಕ್ ಸ್ಟ್ಯಾಕ್ಸ್ 1983ರಲ್ಲಿ ಸ್ಯಾನ್ ಡಿಯೇಗೋದಲ್ಲಿ ಆರಂಭಿಸಿದ 'ಅಗ್ಲಿ ಥಿಂಗ್ಸ್'. ನಲವತ್ತು ವರ್ಷ ದಾಟಿದ ಈ ಪತ್ರಿಕೆಯ ಬಲ ಅದರ ಉದ್ದುದ್ದ ಸಂದರ್ಶನಗಳು. ಅಲ್ಲಿ ವಿಮರ್ಶಕ ಬಾಯಿ ಮುಚ್ಚಿ ಕೂರುತ್ತಾನೆ. ಮುದುಕನಾದ ಹುಡುಗ ಮಾತಾಡುತ್ತಾನೆ. ಪಂಥದ ಅತ್ಯುತ್ತಮ ಗದ್ಯ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ರೇಡಿಯೋದಲ್ಲಿ ಈ ಸಂಗೀತಕ್ಕೆ ಎರಡು ಜನ್ಮ. ಮೊದಲನೆಯದರಲ್ಲಿ ಊರಿನ ನಿಲಯವೇ ದೊರೆ. ಒಬ್ಬ ನಿರೂಪಕನಿಗೆ ಹಿಡಿಸಿದರೆ ಒಂದು ಜಿಲ್ಲೆ ಇಡೀ ಹಾಡು ಗುನುಗುತ್ತಿತ್ತು. ಎರಡನೆಯದರಲ್ಲಿ ನೆನಪೇ ದೊರೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜು ನಿಲಯ ಕೆಎಫ್‌ಜೆಸಿ 'ಲೂಯಿ ಲೂಯಿ'ಯ ಎಂಟುನೂರಕ್ಕೂ ಹೆಚ್ಚು ಅವತರಣಿಕೆಗಳನ್ನು 63 ಗಂಟೆ ಬಿಡದೆ ಹಾಕಿತು. ಅಖಂಡ ಭಜನೆ ಎನ್ನದೆ ಇದನ್ನು ಮತ್ತೇನೆನ್ನಬೇಕು? 2002ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಂಡದ ಗಿಟಾರ್ ವಾದಕ ಸ್ಟೀವನ್ ವ್ಯಾನ್ ಝಾಂಟ್ 'ಅಂಡರ್‌ಗ್ರೌಂಡ್ ಗರಾಜ್' ಕಾರ್ಯಕ್ರಮ ಶುರು ಮಾಡಿದರು. ಸಂಗ್ರಾಹಕರು ಇದನ್ನು ತೀರಾ ಸಾರ್ವಜನಿಕ ಎಂದು ಮೂಗು ಮುರಿಯಬಹುದು. ನನಗೆ ಅದೇ ಅದರ ಹೆಚ್ಚುಗಾರಿಕೆ ಅನ್ನಿಸುತ್ತದೆ. ಅರವತ್ತರ ದಶಕದ ಹಾಡಿನ ಬೆನ್ನಿಗೇ ನಿನ್ನೆ ಮೊನ್ನೆಯ ತಂಡದ ಹಾಡು ಬಂದಾಗ, ಪರಂಪರೆ ಮ್ಯೂಸಿಯಂನಿಂದ ಬೀದಿಗೆ ಬರುತ್ತದೆ. ರೇಡಿಯೋದಲ್ಲಿ ತಟ್ಟೆಯ ಬೆಲೆ ಕೇಳಿಸುವುದಿಲ್ಲ, ಹಾಡು ಮಾತ್ರ ಕೇಳಿಸುತ್ತದೆ.

ಈ ಪಂಥ ಕಟ್ಟಿದ ಕಥೆಯಲ್ಲಿ ಬಿಟ್ಟುಹೋದವರೂ ಇದ್ದಾರೆ. ಬಿಳಿಯ ಬಡಾವಣೆಯ ಹುಡುಗ, ಅಪ್ಪನ ಕಾರು, ಶೆಡ್ಡು ಎಂಬ ಚಿತ್ರ ಎಷ್ಟು ಗಟ್ಟಿಯಾಯಿತೆಂದರೆ, 'ಲೂಯಿ ಲೂಯಿ' ಬರೆದವರು ಲಾಸ್ ಏಂಜಲೀಸ್‌ನ ಕಪ್ಪು ಗಾಯಕ ರಿಚರ್ಡ್ ಬೆರಿ ಎಂಬುದು ಅಡಿಟಿಪ್ಪಣಿಯಾಯಿತು. ಕಿಂಗ್ಸ್‌ಮೆನ್ ಮುದ್ರಿಸುವ ಮೊದಲೇ ಬೆರಿ ಹಾಡಿನ ಹಕ್ಕನ್ನು 750 ಡಾಲರಿಗೆ ಮಾರಿಬಿಟ್ಟಿದ್ದರು. ನ್ಯಾಯವಾದ ಪಾಲು ಸಿಗಲು ಎಂಬತ್ತರ ದಶಕದವರೆಗೆ ಕಾಯಬೇಕಾಯಿತು. 1966ರ ಅಕ್ಟೋಬರ್‌ನಲ್ಲಿ '96 ಟಿಯರ್ಸ್' ದೇಶದ ಮೊದಲ ಸ್ಥಾನಕ್ಕೇರಿತು. ಅದನ್ನು ಹಾಡಿದ ಕ್ವೆಶ್ಚನ್ ಮಾರ್ಕ್ ಆ್ಯಂಡ್ ದಿ ಮಿಸ್ಟೀರಿಯನ್ಸ್, ಹೊಲಗೂಲಿಗೆಂದು ಮಿಶಿಗನ್‌ಗೆ ಬಂದ ಮೆಕ್ಸಿಕನ್ ಕುಟುಂಬಗಳ ಮಕ್ಕಳು. ಹೆಣ್ಣುಮಕ್ಕಳ ತಂಡಗಳ ಪಾಡು ಇನ್ನೊಂದು ಬಗೆಯದು. ಡೆಟ್ರಾಯಿಟ್‌ನ ಪ್ಲೆಷರ್ ಸೀಕರ್ಸ್‌ನಂಥವರನ್ನು ಪಂಥ ಮರೆಯಲಿಲ್ಲ ನಿಜ. ಆದರೆ 'ಗರ್ಲ್ಸ್ ಇನ್ ದಿ ಗರಾಜ್' ಎಂಬ ಪ್ರತ್ಯೇಕ ಸಂಕಲನಗಳ ಸಾಲು ಹುಟ್ಟಿತು, ಬಸ್ಸಿನಲ್ಲಿ ಮಹಿಳೆಯರ ಸೀಟು ಇದ್ದ ಹಾಗೆ. ಉಳಿದ ಸೀಟುಗಳೆಲ್ಲ ಯಾರವು ಎಂದು ಕೇಳಿದವರು ಕಡಿಮೆ.

ನಮ್ಮ ದೇಶವೂ ಈ ಕಪಾಟಿನಲ್ಲಿದೆ. ಸಿಮ್ಲಾ ಸಿಗರೇಟಿನ ಪ್ರಚಾರಕ್ಕೆ ನಡೆಯುತ್ತಿದ್ದ 'ಸಿಮ್ಲಾ ಬೀಟ್' ಸ್ಪರ್ಧೆಯಿಂದ 1970 ಮತ್ತು 1971ರಲ್ಲಿ ಎರಡು ತಟ್ಟೆಗಳು ಬಂದವು. ಮುಂಬೈ, ಮದ್ರಾಸ್, ಕಲ್ಕತ್ತೆಯ ತಂಡಗಳ ಜೊತೆಗೆ ಬೆಂಗಳೂರಿನ ಡೈನೋಸಾರ್ಸ್ ಕೂಡ ಅಲ್ಲಿದ್ದಾರೆ. ಪಾಶ್ಚಾತ್ಯ ಸಂಗ್ರಾಹಕರು ಅವನ್ನು ಹುಡುಕಿ ತೆಗೆದರು, ಮರುಮುದ್ರಣಗಳು ಓಡಾಡಿದವು. ಸಂತೋಷವೇ. ಆದರೆ ಆ ಹುಡುಗರ ಕಥೆ ಸಿಕ್ಕಿದ್ದು ಸಂಗ್ರಾಹಕರ ಪಟ್ಟಿಯಿಂದಲ್ಲ. ಅವರನ್ನು ಕಂಡು ಮಾತಾಡಿಸಿ ಸಿದ್ಧಾರ್ಥ ಭಾಟಿಯಾ 2014ರಲ್ಲಿ ತಂದ 'ಇಂಡಿಯಾ ಸೈಕೆಡೆಲಿಕ್' ಪುಸ್ತಕದಿಂದ. ಮತ್ತೆ ಅದೇ ಪಾಠ: ತಟ್ಟೆ ಸಿಕ್ಕಿದ ಮಾತ್ರಕ್ಕೆ ಮನುಷ್ಯ ಸಿಕ್ಕಂತಲ್ಲ.

ಸಂಗ್ರಾಹಕರ ಸಂತೆಯಲ್ಲಿ ತಟ್ಟೆಗೆ ದರ್ಜೆ ಕಟ್ಟುವಾಗ ಕವರಿನ ಮೂಲೆ ಮಡಚಿದೆಯೇ, ಲೇಬಲ್ಲಿನ ಮೇಲೆ ಯಾರಾದರೂ ಹೆಸರು ಬರೆದಿದ್ದಾರೆಯೇ ಎಂದೆಲ್ಲ ನೋಡುತ್ತಾರೆ. ಹುಡುಗಿಯೊಬ್ಬಳು ಪೆನ್ನಿನಲ್ಲಿ ತನ್ನ ಹೆಸರು ಬರೆದುಕೊಂಡಿದ್ದರೆ ಬೆಲೆ ಇಳಿಯುತ್ತದೆ. ಆ ತಟ್ಟೆಯನ್ನು ಒಮ್ಮೆಯಾದರೂ ಯಾರೋ ಪ್ರೀತಿಸಿದ್ದರು ಎಂಬುದಕ್ಕೆ ಇರುವ ಏಕೈಕ ಸಾಕ್ಷಿ ಅಲ್ಲಿ ಕಲೆಯಾಗಿ ಬಿಡುತ್ತದೆ.

2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿದಾಗ ಬ್ರೂಕ್ಲಿನ್ನಿನ ರೆಡ್ ಹುಕ್‌ನಲ್ಲಿದ್ದ ನಾರ್ಟನ್ ರೆಕಾರ್ಡ್ಸ್‌ನ ಗೋದಾಮು ಮುಳುಗಿತು. ಬಿಲ್ಲಿ ಮಿಲ್ಲರ್ ಮತ್ತು ಮಿರಿಯಂ ಲಿನ್ನಾ ದಂಪತಿ 'ಕಿಕ್ಸ್' ಎಂಬ ಅಭಿಮಾನಿ ಪತ್ರಿಕೆಯಿಂದ ಬೆಳೆಸಿದ ಕಂಪನಿ ಅದು. ಅಭಿಮಾನಿಗಳು ಬಂದು ಸಾಲಾಗಿ ನಿಂತರು. ಕವರುಗಳು ಮುದ್ದೆಯಾಗಿದ್ದವು; ಅವನ್ನು ಕಿತ್ತೆಸೆದು ಒಳಗಿನ ಕಪ್ಪು ತಟ್ಟೆಗಳನ್ನು ಒಂದೊಂದಾಗಿ ತೊಳೆದು, ಒಣಗಿಸಿದರು. ಸಂತೆಯ ಲೆಕ್ಕದಲ್ಲಿ ಅವಕ್ಕೆ ಈಗ ದರ್ಜೆಯೇ ಇಲ್ಲ. ಮುಳ್ಳು ಇಟ್ಟರೆ ಹಾಡುತ್ತವೆ.