ದನಿ ಮತ್ತು ಅಚ್ಚುಕೂಟ: ವರ್ಣೀಯ ಮಹಿಳೆಯರ ವಾಚಿಕ ಕಾವ್ಯದ ಮಾಧ್ಯಮ ಪ್ರಶ್ನೆ

ಅಮೆರಿಕದ ವರ್ಣೀಯ ಮಹಿಳೆಯರ ವಾಚಿಕ ಕಾವ್ಯವನ್ನು ಕುರಿತ ವಿಮರ್ಶೆಯಲ್ಲಿ ‘ದನಿ’ ಎಂಬ ರೂಪಕವು ಬಹಳ ಸವೆದಿದೆ. ಮೌನ ಮುರಿಯಿತು, ದನಿ ದೊರೆಯಿತು, ದನಿ ಮೊಳಗಿತು ಎಂಬ ಮಾತುಗಳು ಮೆಚ್ಚುಗೆಯ ಭಾಷೆಯಾಗಿ ನೆಲೆಗೊಂಡಿವೆ. ಈ ರೂಪಕವು ಮುಖ್ಯವಾದ ಒಂದು ಪ್ರಶ್ನೆಯನ್ನು ಮರೆಮಾಡುತ್ತದೆ: ದನಿಯನ್ನು ದೂರಕ್ಕೆ ಒಯ್ಯುವ ಮತ್ತು ಮುಂದಿನ ತಲೆಮಾರಿಗೆ ಉಳಿಸುವ ಸಾಧನ ಯಾರ ಕೈಯಲ್ಲಿದೆ? ವೇದಿಕೆ, ಪುಟ, ಪರದೆ ಈ ಮೂರರ ಒಡೆತನವನ್ನು ಬಿಟ್ಟು ಈ ಕಾವ್ಯದ ರಾಜಕೀಯವನ್ನು ಅಳೆಯಲು ಬಾರದು.

‘ವರ್ಣೀಯ ಮಹಿಳೆಯರು’ ಎಂಬ ಕನ್ನಡ ರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಮೂಲದಲ್ಲಿ ಇದು ಮೈಬಣ್ಣದ ವರ್ಣನೆಯಲ್ಲ. 1970ರ ದಶಕದಲ್ಲಿ ಕಪ್ಪು, ಚಿಕಾನಾ, ಏಷ್ಯನ್ ಹಾಗೂ ಮೂಲನಿವಾಸಿ ಮಹಿಳೆಯರು ಒಟ್ಟಾಗಿ ತಮಗೆ ಆರಿಸಿಕೊಂಡ ರಾಜಕೀಯ ಹೆಸರು ಅದು. ಆದ್ದರಿಂದ ‘ಕರಿಯ ಮಹಿಳೆಯರು’ ಎಂಬ ಅನುವಾದವು ಒಂದು ಮೈತ್ರಿಯನ್ನು ಒಂದೇ ಜನಾಂಗಕ್ಕೆ ಇಳಿಸಿಬಿಡುತ್ತದೆ.

ಎಂತೊಜಾಕೆ ಶಾಂಗೆ ಅವರ ‘ಫಾರ್ ಕಲರ್ಡ್ ಗರ್ಲ್ಸ್’ ಎಂದು ಸಂಕ್ಷೇಪವಾಗಿ ಕರೆಯಲಾಗುವ ಕೃತಿ 1974ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಹೊರವಲಯದ ಮಹಿಳೆಯರ ಬಾರೊಂದರಲ್ಲಿ ಮೊದಲು ಪ್ರಯೋಗಗೊಂಡಿತು. ಕವಿತೆ, ಕುಣಿತ, ಸಂಗೀತಗಳನ್ನು ಹೆಣೆದ ಈ ಪ್ರಕಾರಕ್ಕೆ ಅವರು ‘ಕೋರಿಯೊಪೊಯಮ್’ ಎಂದು ಹೆಸರಿಟ್ಟರು. ಅದರಲ್ಲಿ 7 ಮಹಿಳೆಯರಿದ್ದಾರೆ. ಯಾರಿಗೂ ಹೆಸರಿಲ್ಲ, ಉಡುಪಿನ ಬಣ್ಣವೇ ಗುರುತು. 1976ರಲ್ಲಿ ಬ್ರಾಡ್‌ವೇ ತಲುಪಿದ ಈ ಕೃತಿ ಅಲ್ಲಿ 742 ಪ್ರದರ್ಶನಗಳನ್ನು ಕಂಡಿತು. ಈ ಯಶಸ್ಸಿನ ಕಥೆಯಲ್ಲಿ ವಿಮರ್ಶೆ ಹೆಚ್ಚಾಗಿ ಗಮನಿಸದೆ ಬಿಡುವುದು ಅಚ್ಚಾದ ಪಠ್ಯವನ್ನು. ಶಾಂಗೆ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಕೈಬಿಟ್ಟರು, ವಿರಾಮಚಿಹ್ನೆಯ ಜಾಗದಲ್ಲಿ ಓರೆಗೆರೆಯನ್ನು ಬಳಸಿದರು, ಪದಗಳನ್ನು ಕಿವಿಗೆ ಕೇಳುವಂತೆ ಬರೆದರು. ಇಲ್ಲಿ ಪುಟವು ದನಿಯ ನೆರಳಲ್ಲ. ಉಸಿರಿನ ಲಯವನ್ನು ಓದುಗನಿಗೆ ಒಪ್ಪಿಸುವ ಸ್ವರಪ್ರಸ್ತಾರ.

ಇಂಥ ಪುಟವನ್ನು ‘ತಿದ್ದದೆ’ ಅಚ್ಚು ಹಾಕುವವರು ಬೇಕು ಎಂಬಲ್ಲಿ ಒಡೆತನದ ಪ್ರಶ್ನೆ ಎದುರಾಗುತ್ತದೆ. ಬಡವರಿಗೆ, ದುಡಿಯುವವರಿಗೆ, ವರ್ಣೀಯ ಮಹಿಳೆಯರಿಗೆ ಕಾವ್ಯವೇ ಅತ್ಯಂತ ಮಿತವ್ಯಯದ ಪ್ರಕಾರವೆಂದು ಆಡ್ರೆ ಲಾರ್ಡ್ 1980ರಲ್ಲಿ ವಾದಿಸಿದ್ದರು: ಗದ್ಯಕ್ಕೆ ಬಿಡುವು, ಕೋಣೆ, ಬೆರಳಚ್ಚು ಯಂತ್ರ ಬೇಕು, ಕವಿತೆಯನ್ನಾದರೆ ಕೆಲಸದ ಪಾಳಿಗಳ ನಡುವೆ ಚೂರು ಕಾಗದದ ಮೇಲೂ ಬರೆಯಬಹುದು. ಈ ವಾದ ರಚನೆಯ ಮಟ್ಟಿಗೆ ಒಪ್ಪುವಂಥದು. ಪ್ರಸಾರಕ್ಕೆ ಅದು ಅನ್ವಯಿಸುವುದಿಲ್ಲ. ಬರೆಯುವುದು ಅಗ್ಗವಾದರೂ ಅಚ್ಚು, ಸಾಗಾಟ, ಮರುಮುದ್ರಣಗಳು ಅಗ್ಗವಲ್ಲ. ಇದನ್ನು ಸ್ವತಃ ಲಾರ್ಡ್ ಬಲ್ಲವರಾಗಿದ್ದರು. ಪ್ರಕಾಶನದ ವಿಷಯದಲ್ಲಿ ಏನಾದರೂ ಮಾಡಲೇಬೇಕೆಂದು ಅದೇ 1980ರಲ್ಲಿ ಬಾರ್ಬರಾ ಸ್ಮಿತ್ ಅವರಿಗೆ ಒತ್ತಾಯಿಸಿದವರು ಅವರೇ. ಅದರ ಫಲ ‘ಕಿಚನ್ ಟೇಬಲ್: ವುಮೆನ್ ಆಫ್ ಕಲರ್ ಪ್ರೆಸ್’. ಹೆಂಗಸರು ದುಡಿಯುವ, ಮಾತಾಡಿಕೊಳ್ಳುವ ಜಾಗ ಅಡುಗೆಮನೆ. ಹಣದ ಬೆಂಬಲವಿಲ್ಲದ ಸಂಸ್ಥೆ ಅಡುಗೆಮನೆಯ ಮೇಜಿನಿಂದಲೇ ನಡೆಯಬೇಕು. ಹೆಸರಿನಲ್ಲಿ ಈ ಎರಡೂ ಅರ್ಥಗಳಿದ್ದವು.

ಚೆರಿ ಮೊರಾಗಾ ಮತ್ತು ಗ್ಲೋರಿಯಾ ಅಂಜಾಲ್ದುವಾ ಸಂಪಾದಿಸಿದ ‘ದಿಸ್ ಬ್ರಿಡ್ಜ್ ಕಾಲ್ಡ್ ಮೈ ಬ್ಯಾಕ್’ ಸಂಕಲನದ ಚರಿತ್ರೆ ಇದಕ್ಕೆ ಸಾಕ್ಷಿ. 1981ರಲ್ಲಿ ಅದನ್ನು ಪ್ರಕಟಿಸಿದ್ದ ಪರ್ಸೆಫೊನಿ ಪ್ರೆಸ್ 1983ರಲ್ಲಿ ಮುಚ್ಚಿಹೋದಾಗ ಕಿಚನ್ ಟೇಬಲ್ ಅದೇ ವರ್ಷ ಸಂಕಲನವನ್ನು ಮರಳಿ ಹೊರತಂದಿತು. 1979ರ ಸಮ್ಮೇಳನವೊಂದರಲ್ಲಿ ಲಾರ್ಡ್ ಎದುರಿಗಿದ್ದ ವಿದ್ವಾಂಸರನ್ನೇ ಪ್ರಶ್ನಿಸಿ ಆಡಿದ ಮಾತು ಇಂದು ಪಠ್ಯಕ್ರಮಗಳಲ್ಲಿ ಉಳಿದಿದ್ದರೆ, ಅದನ್ನು ಒಳಗೊಂಡ ಈ ಸಂಕಲನವನ್ನು ಯಾರೋ ಕೈಬಿಡದೆ ಅಚ್ಚಿಟ್ಟರು ಎಂಬುದೂ ಅದಕ್ಕೆ ಕಾರಣ. ಅಂಜಾಲ್ದುವಾ ತಮ್ಮ ‘ಬಾರ್ಡರ್‌ಲ್ಯಾಂಡ್ಸ್’ ಕೃತಿಯನ್ನು 1987ರಲ್ಲಿ ಕೊಟ್ಟಿದ್ದೂ ಸ್ತ್ರೀವಾದಿ ಸಣ್ಣ ಪ್ರಕಾಶನಕ್ಕೇ. ಟೆಕ್ಸಸ್-ಮೆಕ್ಸಿಕೊ ಗಡಿಯ ತಮ್ಮ ಜನರು ಆಡುವ 8 ನುಡಿಬಗೆಗಳನ್ನು ಅವರು ಅಲ್ಲಿ ಎಣಿಸುತ್ತಾರೆ. ಅನೇಕ ಕಡೆ ಸ್ಪ್ಯಾನಿಷನ್ನು ಅನುವಾದಿಸದೆ ಬಿಡುತ್ತಾರೆ. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಶಿಕ್ಷೆ ಉಂಡವರ ಬರಹದಲ್ಲಿ ಈ ನಿರಾಕರಣೆ ಶೈಲಿಯಷ್ಟೇ ಅಲ್ಲ, ನಿಲುವು.

ಪರದೆಯ ಕಾಲಕ್ಕೆ ಬಂದರೆ ಸುಹೇರ್ ಹಮ್ಮಾದ್ ಅವರ ಉದಾಹರಣೆ ಹೆಚ್ಚು ತೊಡಕಿನದು. ಪ್ಯಾಲೆಸ್ತೀನ್ ನಿರಾಶ್ರಿತರ ಮಗಳಾಗಿ 1973ರಲ್ಲಿ ಅಮ್ಮಾನ್‌ನಲ್ಲಿ ಹುಟ್ಟಿ ಬ್ರೂಕ್ಲಿನ್‌ನಲ್ಲಿ ಬೆಳೆದ ಅವರು 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಲ್ಲೇ ಬರೆದ ದೀರ್ಘ ಕವಿತೆ ಇಮೇಲ್ ಮೂಲಕ ಕೈಯಿಂದ ಕೈಗೆ ದಾಟಿತು. ಅದನ್ನು ಓದಿದ ರಸೆಲ್ ಸಿಮನ್ಸ್ ಅವರನ್ನು ಎಚ್‌ಬಿಒದ ‘ಡೆಫ್ ಪೊಯೆಟ್ರಿ’ಗೂ, 2002ರಲ್ಲಿ ಬ್ರಾಡ್‌ವೇಗೂ ಕರೆತಂದರು. ಶೋಕ ಮತ್ತು ಸಂಶಯಗಳೆರಡನ್ನೂ ಒಟ್ಟಿಗೆ ಹೊತ್ತ ಅರಬ್ ಹೆಣ್ಣಿನ ದನಿಯೊಂದು ಆ ದಿನಗಳಲ್ಲಿ ಮನೆಮನೆ ತಲುಪಿದ್ದು ಸಣ್ಣ ಸಂಗತಿಯಲ್ಲ. ಆದರೂ ಆ ಪರದೆ ಕವಿಗಳದ್ದಾಗಿರಲಿಲ್ಲ: 2007ರಲ್ಲಿ ಕಾರ್ಯಕ್ರಮ ನಿಂತಿತು. ಹಮ್ಮಾದ್ ಅವರ 1996ರ ಮೊದಲ ಸಂಕಲನಕ್ಕೆ 2010ರಲ್ಲಿ ಮರುಹುಟ್ಟು ನೀಡಿದ್ದು ಮತ್ತೆ ಒಂದು ಪುಟ್ಟ ಪ್ರಕಾಶನ. ಪ್ರಸಿದ್ಧಿ ಒಂದು ಕಡೆಯಿಂದ ಬಂದಿತು, ಉಳಿವು ಮತ್ತೊಂದು ಕಡೆಯಿಂದ.

ಹಾಗೆಂದು ಸಣ್ಣ ಪ್ರಕಾಶನವನ್ನು ಆದರ್ಶೀಕರಿಸುವುದೂ ತಪ್ಪಾಗುತ್ತದೆ. ಲಾರ್ಡ್ 1992ರಲ್ಲಿ ತೀರಿಕೊಂಡರು. ಕಿಚನ್ ಟೇಬಲ್ ಕೂಡ ಆ ದಶಕವನ್ನು ದಾಟಲಿಲ್ಲ. ‘ಬ್ರಿಡ್ಜ್’ ಸಂಕಲನದ 2015ರ ಆವೃತ್ತಿ ಬಂದಿದ್ದು ವಿಶ್ವವಿದ್ಯಾಲಯದ ಮುದ್ರಣಾಲಯದಿಂದ. ಕೆಲವರ ಸಂಬಳವಿಲ್ಲದ ದುಡಿಮೆಯ ಮೇಲೆ ನಿಂತ ಸಂಸ್ಥೆ ಅವರ ದೇಹದೊಂದಿಗೇ ದಣಿಯುತ್ತದೆ. ಹೀಗಾಗಿ ಒಡೆತನ ಎಂದರೆ ಸ್ಥಾಪನೆ ಮಾತ್ರವಲ್ಲ, ನಿರ್ವಹಣೆಯನ್ನು ಹಸ್ತಾಂತರಿಸುವ ಬಗೆಯೂ ಹೌದು. ವೇದಿಕೆಯ ಬೆಳಕನ್ನೇ ನೋಡುವ ವಿಮರ್ಶೆಗೆ ಈ ಬಗೆಯ ಶ್ರಮ ಕಾಣುವುದಿಲ್ಲ.

ಗಡಿನಾಡಿನ ಕನ್ನಡಕ್ಕೆ ಈ ಚರ್ಚೆ ದೂರದ್ದಲ್ಲ. ಕಾಸರಗೋಡಿನಲ್ಲಿ ಹುಟ್ಟಿ, ಮಲಯಾಳ ಮನೆಮಾತಿನಿಂದ ಬಂದು ಕನ್ನಡದಲ್ಲಿ ಬರೆದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ. ಮುಂದೆ ಅವರು ‘ಚಂದ್ರಗಿರಿ ಪ್ರಕಾಶನ’ವನ್ನು ತಾವೇ ಕಟ್ಟಿಕೊಂಡರು. ಅವರನ್ನು ‘ವರ್ಣೀಯ ಮಹಿಳೆ’ಯ ಚೌಕಟ್ಟಿಗೆ ತುರುಕುವುದು ಎರಡೂ ಚರಿತ್ರೆಗಳಿಗೆ ಅನ್ಯಾಯ, ಜನಾಂಗದ ಪ್ರಶ್ನೆ ಬೇರೆ, ಧರ್ಮ ಮತ್ತು ಗಡಿಯ ಪ್ರಶ್ನೆ ಬೇರೆ. ಹೋಲಿಕೆ ನಿಲ್ಲುವುದು ಒಂದೇ ಬಿಂದುವಿನಲ್ಲಿ: ಪತ್ರಿಕೆ ಓದುಗರನ್ನು ಕೊಟ್ಟ ಮೇಲೂ ಸ್ವಂತ ಪ್ರಕಾಶನವೊಂದು ಅಗತ್ಯವೆನಿಸಿತು ಎಂಬಲ್ಲಿ. ಗಡಿನಾಡಿನ ಆಡುನುಡಿಗಳ ಹಾಡು, ಕಥನ, ಪ್ರತಿಭಟನೆಯ ಮಾತುಗಳನ್ನು ಇಂದು ದಾಖಲಿಸುವವರೂ ಇದೇ ಪ್ರಶ್ನೆಯಿಂದ ಹೊರಡಬೇಕು. ದಾಖಲಾದ ದನಿ ಯಾರ ಬಳಿ ಇರುತ್ತದೆ, ಅದನ್ನು ತಿದ್ದುವ ಹಕ್ಕು ಯಾರದು, ಆಡಿದವಳು ಬಯಸಿದಾಗ ಅದು ಅವಳಿಗೆ ಮರಳಿ ಸಿಗುತ್ತದೆಯೇ ಎಂಬುದನ್ನು ಮೊದಲು ಕೇಳದಿದ್ದರೆ, ‘ದನಿ ಕೊಡುವುದು’ ಎಂಬ ಮಾತು ದಾಖಲಿಸುವವರ ತೃಪ್ತಿಯಾಗಿಯಷ್ಟೇ ಉಳಿಯುತ್ತದೆ.