ಮಳೆಹನಿಯ ಗೆರೆ, ಮಾಧವನ ಗೆರೆ

ಜೂನ್ ಮಳೆ ಹಿಡಿಯಿತೆಂದರೆ ಕೊಚ್ಚಿಯ ಕಾಕ್ಕನಾಡಿನಲ್ಲಿ ಸಂಜೆ ಎಲ್ಲಿಗೂ ಹೊರಡುವಂತಿಲ್ಲ. ಇನ್ಫೋಪಾರ್ಕಿನಿಂದ ಮನೆಗೆ ಬಂದು, ಕಟ್ಟನ್ ಚಾಯದ ಲೋಟ ಪಕ್ಕಕ್ಕಿಟ್ಟುಕೊಂಡು ಕಂಪ್ಯೂಟರಿನಲ್ಲಿ ಜುಪಿಟರ್ ನೋಟ್‌ಬುಕ್ ತೆರೆಯುತ್ತೇನೆ. ಆಫೀಸಿನ ಕೆಲಸಕ್ಕಲ್ಲ, ಗ್ರಾಫ್ ಎಳೆಯುವ ಸುಖಕ್ಕೆ.

ಈ ವಾರ ಎಳೆದದ್ದು ಮಳೆಯನ್ನೇ. ಒಂದು ಚೌಕ, ಅದರೊಳಗೆ ಕಾಲು ವೃತ್ತ. ಕಂಪ್ಯೂಟರ್ ಅದರ ಮೇಲೆ ಮನಬಂದಂತೆ ಹನಿ ಉದುರಿಸುತ್ತದೆ. ವೃತ್ತದೊಳಗೆ ಬಿದ್ದ ಹನಿ ಎಣಿಸಿ, ಒಟ್ಟು ಹನಿಗಳಿಂದ ಭಾಗಿಸಿ, 4ರಿಂದ ಗುಣಿಸಿದರೆ ಪೈ ಬೆಲೆ ಸುಮಾರಾಗಿ ಸಿಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಗಣಿತಜ್ಞರಾದ ಉಲಮ್, ಫಾನ್ ನಾಯ್ಮನ್ ಬೆಳೆಸಿದ ಮಾಂಟೆ ಕಾರ್ಲೊ ವಿಧಾನದ ಮೊದಲ ಪಾಠ ಇದು.

ಉತ್ತರವನ್ನು ಹಾಗೇ ಗ್ರಾಫಿಗೆ ಹಾಕಿದರೆ ಗೆರೆ ಮೊದಲು ತೂರಾಡಿ, ಆಮೇಲೆ 3.14ರ ಮೇಲೆ ಮಲಗಿಬಿಡುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಆ ಮಲಗಿದ ಗೆರೆಯನ್ನು ನಾನು ನಂಬುವುದಿಲ್ಲ. ತಪ್ಪು 0.01 ಇದ್ದರೂ 0.0001 ಇದ್ದರೂ ಅಲ್ಲಿ ಕಣ್ಣಿಗೆ ಒಂದೇ. ಆದ್ದರಿಂದ ಉತ್ತರವನ್ನು ಬಿಟ್ಟು ತಪ್ಪನ್ನು ಎಳೆಯಬೇಕು, ಎರಡೂ ಅಕ್ಷಗಳನ್ನು ಲಾಗ್ ಮಾಡಿ. ಆಗ ಮಳೆಯ ಗುಟ್ಟು ಹೊರಬೀಳುತ್ತದೆ: ಹತ್ತು ಸಾವಿರ ಹನಿ ಬಿದ್ದರೂ ತಪ್ಪು ಸಾಮಾನ್ಯವಾಗಿ 0.016ರ ಆಸುಪಾಸು, ಇನ್ನೊಂದು ಅಂಕಿ ಬೇಕೆಂದರೆ ನೂರು ಪಟ್ಟು ಹನಿ ಬೇಕು. ಒಂದೇ ಓಟದ ಗೆರೆಯೂ ಸಾಲದು. ಇಪ್ಪತ್ತು ಬೇರೆ ಬೇರೆ ಓಟಗಳನ್ನು ತೆಳು ಬೂದುಬಣ್ಣದಲ್ಲಿ ಒಂದರ ಮೇಲೊಂದು ಎಳೆಯುತ್ತೇನೆ. ಎಲ್ಲಿ ಬೂದು ದಟ್ಟವಾಗಿದೆಯೋ ಅಲ್ಲಿ ನಿಜ ಇದೆ.

ಅದೇ ಗ್ರಾಫಿನ ಮೇಲೆ ಈ ನೆಲದ ಇನ್ನೊಂದು ಗೆರೆ ಎಳೆದೆ. ಎರ್ನಾಕುಳಂನಿಂದ ತೃಶ್ಶೂರಿನ ಕಡೆಗೆ ರೈಲಿನಲ್ಲಿ ಹೋದರೆ ಇರಿಂಜಾಲಕ್ಕುಡ ನಿಲ್ದಾಣ ಸಿಗುತ್ತದೆ. ಗಣಿತಜ್ಞ ಸಂಗಮಗ್ರಾಮದ ಮಾಧವ ಆ ಭಾಗದವನು ಎಂಬುದು ಅನೇಕ ವಿದ್ವಾಂಸರ ಮತ. ಅವನ ಕಾಲ ಸುಮಾರು 1340ರಿಂದ 1425. 4ರಿಂದ 4/3 ಕಳೆದು, 4/5 ಕೂಡಿಸಿ, 4/7 ಕಳೆದು, ಹೀಗೇ ಮುಂದುವರಿದರೆ ಪೈ ಬರುತ್ತದೆ ಎಂಬುದು, ಯುರೋಪಿನಲ್ಲಿ ಇದನ್ನು ಕಂಡುಕೊಂಡ ಲೈಬ್ನಿಟ್ಸ್‌ಗಿಂತ ಸುಮಾರು ಎರಡೂವರೆ ಶತಮಾನ ಮುಂಚೆಯೇ ಇಲ್ಲಿ ಗೊತ್ತಿತ್ತು.

ಬರೀ ಶ್ರೇಣಿ ಮಹಾ ಸೋಮಾರಿ. 50 ಪದ ಕೂಡಿಸಿದರೂ ಸಿಗುವುದು 3.1216, ಹತ್ತು ಸಾವಿರ ಮಳೆಹನಿಯಷ್ಟೇ ತಪ್ಪು. ಮಾಧವನ ಪರಂಪರೆ ಅಲ್ಲಿಗೆ ಬಿಡಲಿಲ್ಲ. ಎಷ್ಟು ಪದಕ್ಕೆ ನಿಲ್ಲಿಸಿದೆವೋ ಆ ಸಂಖ್ಯೆಯ ನಾಲ್ಕು ಪಟ್ಟನ್ನು, ಅದರ ವರ್ಗದ ನಾಲ್ಕು ಪಟ್ಟಿಗೆ ಒಂದು ಸೇರಿಸಿ ಬಂದದ್ದರಿಂದ ಭಾಗಿಸಿ, ಕೊನೆಯಲ್ಲಿ ತಿದ್ದುಪಡಿಯಾಗಿ ಸೇರಿಸಬೇಕು (ಪದಗಳ ಸಂಖ್ಯೆ ಬೆಸವಾದರೆ ಕಳೆಯಬೇಕು). 50 ಪದಕ್ಕೆ ಅದು 200/10001. ಸೇರಿಸಿದ ಕೂಡಲೇ 3.1416 ಅಲ್ಲ, 3.14159265 ಸಿಗುತ್ತದೆ, ದಶಾಂಶದ ಎಂಟೂ ಅಂಕಿ ಸರಿ!

ಲಾಗ್ ಅಕ್ಷದ ಮೇಲೆ ಈ ಗೆರೆ ಬೀಳುವುದನ್ನು ನೋಡಬೇಕು. ಪದಗಳು ಇಮ್ಮಡಿಯಾದರೆ ಬರೀ ಶ್ರೇಣಿಯ ತಪ್ಪು ಅರ್ಧಕ್ಕೆ ಇಳಿಯುತ್ತದೆ, ತಿದ್ದಿದ ಗೆರೆಯ ತಪ್ಪು ಮೂವತ್ತೆರಡರಲ್ಲಿ ಒಂದು ಪಾಲಿಗೆ. ಬೂದು ಮಳೆಯ ಪಕ್ಕದಲ್ಲಿ ಅದು ಬಂಡೆಯಿಂದ ಧುಮುಕಿದ ಹಾಗೆ ಕಾಣುತ್ತದೆ. ಐನೂರು ಪದ ದಾಟಿದ ಮೇಲೆ ಗೆರೆ ನಡುಗತೊಡಗುತ್ತದೆ. ಸೂತ್ರ ಸೋತದ್ದಲ್ಲ, ಕಂಪ್ಯೂಟರಿನ ಹದಿನಾರು ಅಂಕಿಗಳು ಮುಗಿದವು. ಆ ನಡುಕವನ್ನು ನಯ ಮಾಡಿ ಅಳಿಸಬಾರದು, ಗ್ರಾಫಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಜಾಗ ಅದು.

ಈ ಗ್ರಾಫ್ ಎಳೆದ ನೋಟ್‌ಬುಕ್ಕಿನ ಜುಪಿಟರ್ ಎಂಬ ಹೆಸರು 2014ರದು. ಜೂಲಿಯಾ, ಪೈಥಾನ್, ಆರ್ ಭಾಷೆಗಳ ಹೆಸರು ಸೇರಿ ಆದದ್ದು, ಗುರುಗ್ರಹದ ಚಂದ್ರರನ್ನು ಗುರುತು ಹಾಕಿಟ್ಟ ಗೆಲಿಲಿಯೋನ ಟಿಪ್ಪಣಿಗೂ ಅದರಲ್ಲಿ ಗೌರವವಿದೆ. ಅವನ ಪುಟದಲ್ಲಿ ಬರಹದ ನಡುವೆಯೇ ಗ್ರಹ, ಚುಕ್ಕಿಗಳ ಚಿತ್ರ ಇರುತ್ತಿತ್ತು. ನೋಟ್‌ಬುಕ್ಕಿನ ಸೊಗಸೂ ಅದೇ: ಲೆಕ್ಕದ ಕೆಳಗೇ ಗ್ರಾಫ್. ಅಪಾಯವೂ ಅಲ್ಲೇ ಇದೆ. ಸೆಲ್‌ಗಳನ್ನು ಹಿಂದೆ ಮುಂದೆ ಓಡಿಸಿದರೆ ಹಳೆಯ ಲೆಕ್ಕದ ಗ್ರಾಫ್ ಹೊಸ ಕೋಡಿನ ಕೆಳಗೆ ಕೂತಿರುತ್ತದೆ. ಒಮ್ಮೆ ಅಂಥದ್ದನ್ನು ಮೀಟಿಂಗಿನಲ್ಲಿ ತೋರಿಸಿ, ಮರುದಿನ ಎಲ್ಲರಿಗೂ ತಪ್ಪು ಒಪ್ಪಿಕೊಂಡಿದ್ದೇನೆ. ಅಂದಿನಿಂದ ಯಾರಿಗಾದರೂ ತೋರಿಸುವ ಮೊದಲು ಕರ್ನಲ್ ಹೊಸದಾಗಿ ಶುರುಮಾಡಿ ಮೇಲಿನಿಂದ ಕೆಳಗೆ ಒಂದೇ ಸಲ ಓಡಿಸುತ್ತೇನೆ. ರ‍್ಯಾಂಡಮ್ ಸೀಡ್ ಮೊದಲ ಸೆಲ್ಲಿನಲ್ಲೇ ಇರುತ್ತದೆ.

ಮಾಧವನ ಲೆಕ್ಕಗಳ ಉಪಪತ್ತಿಯನ್ನು ಅವನ ಪರಂಪರೆಯ ಜ್ಯೇಷ್ಠದೇವ ಸುಮಾರು 1530ರಲ್ಲಿ ‘ಯುಕ್ತಿಭಾಷಾ’ದಲ್ಲಿ ಬರೆದಿಟ್ಟ, ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ. ಈ ಗ್ರಾಫಿನ ಕೋಡ್ ಇಪ್ಪತ್ತು ಸಾಲೂ ಆಗುವುದಿಲ್ಲ. ಮಳೆಗಾಲ ಮುಗಿಯುವುದರೊಳಗೆ ನೀವೂ ಒಮ್ಮೆ ಎಳೆದು ನೋಡಿ, ಎರಡೂ ಅಕ್ಷ ಲಾಗ್ ಇರಲಿ.