ಸಿಂಬಿಗೆ ಭಾರ, ಸುರುಳಿಗೆ ತುದಿ

ನಳ ಬರುವ ದಿನ ಮೋಟಾರು ಹಚ್ಚಿ ಪೇಪರು ಓದುತ್ತ ಕೂತುಬಿಟ್ಟೆ. ನೀರು ನಿಂತದ್ದು ಯಾವಾಗಲೋ. ನನಗೆ ಗೊತ್ತಾದದ್ದು ಹಿತ್ತಲಿನಿಂದ ಸುಟ್ಟ ವಾರ್ನಿಶ್ ವಾಸನೆ ಬಂದ ಮೇಲೆ. ಅರ್ಧ ಎಚ್‌ಪಿಯ ಆ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು, ಹಳೇ ಹುಬ್ಬಳ್ಳಿಯ ಒಂದು ರಿವೈಂಡಿಂಗ್ ಅಂಗಡಿಗೆ ಒಯ್ದೆ.

“ಕಾಯಿಲ್ ಸುಟ್ಟಾವ್ರಿ ಸರ,” ಅಂದ ಮಿಸ್ತ್ರಿ, ಬಿಚ್ಚುವ ಮೊದಲೇ, ಬರೀ ಮೂಸಿ ನೋಡಿ. ಆಮೇಲೆ ಹುಡುಗನ ಕಡೆ ತಿರುಗಿ, “ಏ ತಮ್ಮಾ, ಗ್ವಾಡಿಗೆ ಹಾಕೇತಲ್ಲ ವೈರಿನ ಸಿಂಬಿ, ಅದನ್ನ ತಾ,” ಅಂದ. ಹುಡುಗ ತಂದು ಕೊಟ್ಟ. ಮಿಸ್ತ್ರಿ ಸುಟ್ಟ ತಾಮ್ರವನ್ನು ಕತ್ತರಿಸಿ, ಎಳೆ ಎಳೆಯಾಗಿ ಬಿಡಿಸುತ್ತ, ತುಟಿಯಲ್ಲೇ ಎಣಿಸತೊಡಗಿದ. ನಾನು ನಡುವೆ ಬಾಯಿ ಹಾಕಿ ಏನೋ ಕೇಳಿದೆ. “ಸುತ್ತು ತಪ್ಪಿಸಬ್ಯಾಡ್ರಿ,” ಅಂದು ಮತ್ತೆ ಮೊದಲಿನಿಂದ ಎಣಿಸಿದ.

ಈ ಅಂಕಣದ ಚಟ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮೋಟಾರು ಅಲ್ಲೇ ಬಿಟ್ಟು ಮೂರು ಪದ ಹೊತ್ತುಕೊಂಡು ಮನೆಗೆ ಬಂದೆ. ಕಾಯಿಲ್, ಸಿಂಬಿ, ಸುತ್ತು. ಇಂಗ್ಲಿಷಿನವರಿಗಾದರೆ ಈ ಮೂರು ಕಡೆಯೂ ಒಂದೇ ಪದದಲ್ಲಿ ಕೆಲಸ ನಡೆದುಹೋಗುತ್ತದೆ. ಹಗ್ಗವೂ ಕಾಯಿಲ್, ಹಾವೂ ಕಾಯಿಲ್, ತುರುಬೂ ಕಾಯಿಲ್, ಒಲೆಯ ತಂತಿಯೂ ಕಾಯಿಲ್. ನಮ್ಮ ಮಿಸ್ತ್ರಿ ಮಾತ್ರ ಯಾವುದನ್ನು ಎಲ್ಲಿ ಆಡಬೇಕೆಂದು ಒಂದು ಗಳಿಗೆಯೂ ತಡವರಿಸಲಿಲ್ಲ.

ಸಿಂಬಿಯಿಂದಲೇ ಶುರು ಮಾಡುತ್ತೇನೆ, ಅದು ನನ್ನ ಪ್ರೀತಿಯ ಪದ. ಹಳೇ ಸೀರೆಯ ತುಂಡನ್ನು ಹುರಿಹಾಕಿ ಬಳೆಯ ಹಾಗೆ ಸುತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಸಿಂಬಿ. ಅದರ ಮೇಲೆ ಕೊಡ, ಕೊಡದ ಮೇಲೆ ಇನ್ನೊಂದು ಕೊಡ. ಅಡಿ ದುಂಡಗಿನ ಗಡಿಗೆ ಉರುಳದಂತೆ ಕೆಳಗಿಡುವ ಹುಲ್ಲಿನ ಬಳೆಯೂ ಸಿಂಬಿ. ಎತ್ತಿನ ಹಗ್ಗ ಗೂಟಕ್ಕೆ ನೇತುಹಾಕುವಾಗ ಸಿಂಬಿ ಮಾಡುತ್ತಾರೆ. ಹಾವು ಮಲಗಿದ್ದರೆ ಸಿಂಬಿ ಸುತ್ತಿಕೊಂಡು ಮಲಗಿದೆ ಅನ್ನುತ್ತಾರೆ. ಎಲ್ಲ ಕಡೆಯೂ ಗಮನಿಸಿ: ಸಿಂಬಿ ಅಂದರೆ ಕೂತದ್ದು. ಸುಮ್ಮನೆ ಕೂತು ಭಾರ ಹೊರುವುದು, ಇಲ್ಲವೆ ಸುಮ್ಮನೆ ಕೂತು ಕಾಯುವುದು.

ಹಾವು ಮತ್ತು ಸಿಂಬಿ ಎರಡನ್ನೂ ಕೂಡಿಸಿದ ಕತೆ ನಮ್ಮ ಕಡೆಯದ್ದೇ. ಜಮದಗ್ನಿಯ ಹೆಂಡತಿ ರೇಣುಕೆ ದಿನಾ ಮಲಪ್ರಭೆಗೆ ಹೋಗಿ, ದಂಡೆಯ ಹಸಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬಿ ಮಾಡಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳಂತೆ. ಒಂದು ದಿನ ನದಿಯಲ್ಲಿ ಗಂಧರ್ವರ ಜಲಕ್ರೀಡೆ ಕಣ್ಣಿಗೆ ಬಿದ್ದು ಮನಸ್ಸು ಅತ್ತ ಹೊರಳಿತು. ಮರಳಿನ ಕೊಡ ಕರಗಿತು, ಸಿಂಬಿ ಬಿಚ್ಚಿಕೊಂಡು ಹರಿದು ಹೋಯಿತು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆಲ್ಲ ಮುಂದಿನದು ಗೊತ್ತು. ನಾನು ನಿಲ್ಲುವುದು ಆ ಒಂದು ಗಳಿಗೆಯಲ್ಲಿ. ಕೊಡ ಒಡೆಯುವುದು ಲೋಕದಲ್ಲಿ ದಿನಾ ಇದ್ದದ್ದೇ. ಸಿಂಬಿಯೇ ಎದ್ದು ಹೋಯಿತು ಅಂದರೆ ಅವಳಿಗೆ ಇನ್ನು ತಲೆಯ ಮೇಲೆ ಹೊರಲು ಏನೂ ಉಳಿಯಲಿಲ್ಲ ಅಂತ. ಆ ಜಾಗದಲ್ಲಿ ಕತೆ ಕಟ್ಟಿದವರು ಬಹಳ ಜಾಣರು.

ಅಂದ ಹಾಗೆ ನನ್ನ ಮನೆಯ ನಳಕ್ಕೆ ಬರುವುದೂ ಅದೇ ಮಲಪ್ರಭೆ. ಸವದತ್ತಿ ಹತ್ತಿರ ನವಿಲುತೀರ್ಥದ ಆಣೆಕಟ್ಟಿನ ಹಿಂದೆ ನಿಂತ ನೀರಿಗೆ ರೇಣುಕಾ ಸಾಗರ ಎಂದೇ ಹೆಸರು. ಅಲ್ಲಿಂದ ಅಮ್ಮಿನಬಾವಿಗೆ ಬಂದು, ಶುದ್ಧವಾಗಿ, ಧಾರವಾಡ ಹುಬ್ಬಳ್ಳಿಗೆ ಹಂಚಿಕೆಯಾಗುತ್ತದೆ. ನನಗೂ ಮನಸ್ಸು ಅತ್ತ ಹೊರಳಿತ್ತು. ನಾನು ನೋಡುತ್ತಿದ್ದುದು ಗಂಧರ್ವರನ್ನಲ್ಲ, ಪೇಪರಿನ ಪದಬಂಧವನ್ನು.

ಸುರುಳಿಯ ಸ್ವಭಾವ ಬೇರೆ. ಸುರುಳಿ ಇರುವುದು ಬಿಚ್ಚುವುದಕ್ಕೆ. ಚಾಪೆ ಸುರುಳಿ ಸುತ್ತಿಡುವುದು ರಾತ್ರಿ ಮತ್ತೆ ಹಾಸಲಿಕ್ಕೆ. ಹೊಗೆ ಸುರುಳಿ ಸುರುಳಿಯಾಗಿ ಏಳುತ್ತದೆ, ಏಳುತ್ತಲೇ ಬಿಚ್ಚಿಹೋಗುತ್ತದೆ. ಟೇಪಿನ ಸುರುಳಿ ಒಂದು ಗಾಲಿಯಿಂದ ಬಿಚ್ಚಿ ಇನ್ನೊಂದು ಗಾಲಿಗೆ ಸುತ್ತಿಕೊಂಡರೇನೇ ಹಾಡು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಮಲ್ಲಿಕಾರ್ಜುನ ಮನ್ಸೂರರಂಥವರ ಗಾಯನ ನಮಗೆ ಉಳಿದದ್ದು ಇಂಥ ಸುರುಳಿಗಳಿಂದ. ಕನ್ನಡ ಪತ್ರಿಕೆಗಳು ಕ್ಯಾಸೆಟ್ಟಿಗೆ ‘ಧ್ವನಿಸುರುಳಿ’ ಅಂದವು. ಎಷ್ಟು ಸರಿಯಾದ ಪದ! ಪದ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಸೀಡಿ ಬಂದು, ಒಳಗೆ ಸುರುಳಿ ಅನ್ನುವುದೇ ಇಲ್ಲವಾದರೂ, ಸಿನೆಮಾದವರು ಎಷ್ಟೋ ವರ್ಷ ‘ಧ್ವನಿಸುರುಳಿ ಬಿಡುಗಡೆ’ ಮಾಡುತ್ತಲೇ ಇದ್ದರು. ಕಾಗದ ಹೋದ ಮೇಲೂ ರುಜು ಉಳಿದ ಹಾಗೆ.

ನಮ್ಮ ಕಡೆ ಸುರುಳಿಯ ಪಕ್ಕದಲ್ಲೇ ಕಿವಿಗೆ ಬೀಳುವ ಇನ್ನೊಂದು ಪದವಿದೆ, ಮರಾಠಿಯವರೂ ನಾವೂ ಹಂಚಿಕೊಂಡದ್ದು: ಸುರಳೀತ. “ಲಗ್ನ ಸುರಳೀತ ಆತ್ರಿ,” ಅಂದರೆ ಎಲ್ಲೂ ತೊಡಕಾಗದೆ ಮುಗಿಯಿತು ಅಂತ. ಇಂಗ್ಲಿಷಿನಲ್ಲಿ ಇದರ ಉಲ್ಟಾ ಇದೆ. ಶೇಕ್ಸ್‌ಪಿಯರನ ಕಾಲಕ್ಕೆ ಕಾಯಿಲ್ ಎಂಬ ಇನ್ನೊಂದು ಪದಕ್ಕೆ ಗದ್ದಲ, ರಗಳೆ ಎಂಬ ಅರ್ಥವಿತ್ತು. ಹ್ಯಾಮ್ಲೆಟ್ ಸಾವಿನ ಬಗ್ಗೆ ಆಡುವ ಮಾತಿನಲ್ಲಿ ಬರುವುದು ಆ ಕಾಯಿಲ್. ಅದನ್ನು ಹಾವಿನ ಸುತ್ತು ಎಂದು ತಿಳಿದು ಅನುವಾದಿಸಿದರೆ ರಾಜಕುಮಾರ ನಾಗರಪಂಚಮಿಗೆ ಹೊರಟಂತಾಗುತ್ತದೆ.

ಸುತ್ತು ಅಂದರೆ ಲೆಕ್ಕ. ಮಿಸ್ತ್ರಿ ಎಣಿಸುತ್ತಿದ್ದುದು ಅದನ್ನೇ. ಸುಟ್ಟ ಮೋಟಾರಿನೊಳಗೆ ಒಂದೊಂದು ಕಾಯಿಲ್ಲಿಗೂ ಎಷ್ಟು ಸುತ್ತು, ತಂತಿ ಎಷ್ಟು ಗೇಜಿನದ್ದು ಎಂದು ಬರೆದುಕೊಂಡು, ಅಷ್ಟೇ ಸುತ್ತನ್ನು ಕಟ್ಟಿಗೆಯ ಫರ್ಮಾದ ಮೇಲೆ ಸುತ್ತಿ, ಕಾಗದ ಹಾಸಿದ ಸೀಳುಗಳಲ್ಲಿ ಒಂದೊಂದಾಗಿ ಇಳಿಸಬೇಕು. ಓಡಿಸುವ ವೈಂಡಿಂಗಿಗೆ ದಪ್ಪ ತಂತಿ, ಚಾಲೂ ಮಾಡುವ ವೈಂಡಿಂಗಿಗೆ ಸಣ್ಣದು. ಆಮೇಲೆ ದಾರದಿಂದ ಬಿಗಿದು, ವಾರ್ನಿಶ್ ಹೊಯ್ದು ಒಣಗಿಸಬೇಕು. ತಂತಿಯ ಮೈಮೇಲಿನ ತೆಳ್ಳಗಿನ ಲೇಪ ಒಂದು ಕಡೆ ಸವೆದು ಪಕ್ಕದ ಸುತ್ತಿಗೆ ತಾಗಿದರೂ ಎಲ್ಲ ದಂಡ.

ಇದೇ ಲೆಕ್ಕ ಅಡುಗೆಮನೆಯಲ್ಲಿ ಚಕ್ಕಲಿಗಿದೆ. ದೀಪಾವಳಿಗೆ ಚಕ್ಕಲಿ ಒತ್ತುವವರು ಸುತ್ತು ಎಣಿಸಿಯೇ ಕೈ ಬಿಡುತ್ತಾರೆ, ತುದಿಯನ್ನು ಬೆರಳಿಂದ ಒತ್ತಿ ಅಂಟಿಸುತ್ತಾರೆ. ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಂಡು ಸುರುಳಿಯಾಗುತ್ತದೆ. ಚಕ್ಕಲಿಯ ಮೂಲ ಸಂಸ್ಕೃತದ ಶಷ್ಕುಲಿ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಹೊರಗಿವಿಗೆ ಕರ್ಣಶಷ್ಕುಲಿ ಎಂದು ಹೆಸರು. ಕಿವಿಯ ಚಕ್ಕಲಿ! ಆ ವೈದ್ಯರು ನೋಡಿದ್ದು ಹೊರಗಿನ ಮಡಿಕೆಗಳನ್ನು. ಒಳಗೆ, ಎಲುಬಿನ ಆಳದಲ್ಲಿ, ಶಬ್ದವನ್ನು ಹಿಡಿಯುವ ಶಂಖದಂಥ ನಾಳವೊಂದಿದೆ. ಅದಕ್ಕೂ ಸುಮಾರು ಎರಡೂವರೆ ಸುತ್ತು. ಯೋಗಿಗಳ ಕುಂಡಲಿನಿಗೆ ಮೂರೂವರೆ. ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ನಾನು ಎರಡೂವರೆಗೇ ತೃಪ್ತ. ಹೆಂಗಸರ ಕಾಲಬೆರಳಿನ ಸುತ್ತುಂಗರದ ಸುತ್ತು ಎಷ್ಟು ಎನ್ನುವುದು ಮಾತ್ರ ಅವರವರ ತವರುಮನೆಯ ಬೆಳ್ಳಿಗೆ ಬಿಟ್ಟದ್ದು.

ಇನ್ನು ಉಳಿದದ್ದು ಪರದೇಶದಿಂದ ಬಂದು ಮನೆಮಗನಾದ ಕಾಯಿಲ್.

ಲ್ಯಾಟಿನ್ನಿನಲ್ಲಿ ಕೂಡಿಹಾಕು ಎಂಬರ್ಥದ ಒಂದು ಕ್ರಿಯಾಪದದಿಂದ, ಫ್ರೆಂಚ್ ದಾಟಿ, ಹಡಗಿನವರ ಹಗ್ಗದ ಮೂಲಕ ಇಂಗ್ಲಿಷಿಗೆ ಬಂದ ಪದ ಇದು. ಅದೇ ಬೇರಿನಿಂದ ಹುಟ್ಟಿದ ಇನ್ನೊಂದು ಪದ ಕಲೆಕ್ಟ್. ಅಂದಮೇಲೆ ಧಾರವಾಡದ ಕಲೆಕ್ಟರ್ ಸಾಹೇಬರೂ ನನ್ನ ಮೋಟಾರಿನ ಕಾಯಿಲ್ಲೂ ದಾಯಾದಿಗಳು. ಒಬ್ಬರು ಕಂದಾಯ ಕೂಡಿಹಾಕುವವರು, ಇನ್ನೊಂದು ತಂತಿ. ಸುಡುವ ವಿಷಯದಲ್ಲೂ ಹೋಲಿಕೆ ಹುಡುಕಬಹುದು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಪ್ರಾಣ ಬಿಟ್ಟ. ವೋಲ್ಟೇಜು ತಿಳಿಯದೆ ಕೈ ಹಾಕಿದ್ದ.

ತಂತಿಯ ಕಾಯಿಲ್ಲಿಗೆ ದೊಡ್ಡ ಹೆಸರು ಬಂದದ್ದು 1831ರ ಆಗಸ್ಟ್ 29ರಂದು, ಲಂಡನ್ನಿನಲ್ಲಿ. ಮೈಕೇಲ್ ಫ್ಯಾರಡೆ ಆರು ಇಂಚು ಅಗಲದ ಕಬ್ಬಿಣದ ಬಳೆ ಮಾಡಿಸಿ, ಅದರ ಎರಡು ಪಕ್ಕಕ್ಕೂ ತಾಮ್ರದ ತಂತಿ ಸುತ್ತಿದ. ಲೇಪ ಹಚ್ಚಿದ ತಂತಿ ಆಗ ಎಲ್ಲಿತ್ತು? ಸುತ್ತಿಗೆ ಸುತ್ತು ತಾಗದಿರಲೆಂದು ನಡುನಡುವೆ ದಾರ ಮತ್ತು ಕ್ಯಾಲಿಕೊ ಬಟ್ಟೆ ಸೇರಿಸಿದ. ಕ್ಯಾಲಿಕೊ ಅಂದರೆ ನಮ್ಮ ಕಲ್ಲಿಕೋಟೆಯ ಹೆಸರು ಹೊತ್ತ ಅರಿವೆ. ಒಂದು ಪಕ್ಕದ ತಂತಿಗೆ ಬ್ಯಾಟರಿ ಕೂಡಿಸಿದಾಗ ಮತ್ತು ತೆಗೆದಾಗ ಇನ್ನೊಂದು ಪಕ್ಕದ ಮುಳ್ಳು ಜಿಗಿಯಿತು. ಊರೂರಿನ ಟ್ರಾನ್ಸ್‌ಫಾರ್ಮರು ಹುಟ್ಟಿದ್ದು ಆ ಜಿಗಿತದಲ್ಲಿ. ಆ ಬಳೆಯ ಚಿತ್ರ ನೋಡಿದರೆ ಧಾರವಾಡದ ಯಾವ ಮುದುಕಿಯಾದರೂ ಅದನ್ನು ಬಟ್ಟೆಯ ಸಿಂಬಿ ಎಂದೇ ಗುರುತಿಸುತ್ತಾಳೆ. ನಮ್ಮ ವಿಜ್ಞಾನ ಪಠ್ಯದವರು ಅದಕ್ಕೆ ಸುರುಳಿ ಎಂದು ಬರೆದರು. ನನ್ನ ತಕರಾರು ಅಲ್ಲಿದೆ. ಮೋಟಾರಿನ ತಂತಿ ಬಿಚ್ಚುವುದಕ್ಕಾಗಿ ಸುತ್ತಿದ್ದಲ್ಲ. ಬಿಚ್ಚುವ ದಿನ ಬಂದರೆ ಅದರ ಕತೆ ಮುಗಿದಂತೆ. ಸಿಂಬಿ ಅನ್ನಬಹುದಿತ್ತು. ಹೊಲಮನೆಯ ಪದ, ಪುಸ್ತಕಕ್ಕೆ ಒಗ್ಗದು ಎನಿಸಿತೋ ಏನೋ.

ನಮ್ಮ ಅಬಚಿಗೆ, ಅಂದರೆ ಚಿಕ್ಕಮ್ಮನಿಗೆ, ಈ ಚರ್ಚೆಯೇ ಇರಲಿಲ್ಲ. ಬಕೀಟಿನಲ್ಲಿ ಇಳಿಬಿಟ್ಟು ನೀರು ಕಾಸುವ ಕಾಯಿಲ್ ಮನೆಗೆ ಹೊಸದಾಗಿ ಬಂದಾಗ, ಇದು ಇಂಗ್ಲಿಷ್ ಪದ ಅಬಚಿ ಎಂದು ನಾನು ಜಾಣತನ ತೋರಿಸಿದೆ. “ಇಂಗ್ಲಿಷ್ ಏನ್ ಬಂತೋ ಇದರಾಗ? ನೀರು ಕಾಯ್ತಾವ, ಅದಕ್ಕ ಕಾಯಿಲ್,” ಅಂದಳು. ಆಗ ನಕ್ಕಿದ್ದೆ. ಈಗ ಲೆಕ್ಕ ಹಾಕಿದರೆ ಅಬಚಿಯೇ ಸರಿ ಎನ್ನಿಸುತ್ತದೆ. ಹುಬ್ಬಳ್ಳಿಯಲ್ಲಿ ಕಾಯಿಲ್ ಎಂಬ ಪದ ಒಳಹೊಕ್ಕದ್ದು ಬಿಸಿ ಇರುವ ಕಡೆ ಮಾತ್ರ. ಕರ್ನಾಟಕ ಯುನಿವರ್ಸಿಟಿಯ ಹಾಸ್ಟೆಲುಗಳಲ್ಲಿ ಮಂಚದ ಕೆಳಗೆ ಬಚ್ಚಿಟ್ಟ ಒಲೆಯ ಕಾಯಿಲ್, ನಿಕ್ಕಲ್ಲು ಕ್ರೋಮಿಯಮ್ಮು ಬೆರೆಸಿದ ಆ ಕೆಂಪಗೆ ಉರಿಯುವ ಸ್ಪ್ರಿಂಗು. ಇಸ್ತ್ರಿಪೆಟ್ಟಿಗೆಯ ಕಾಯಿಲ್. ಗೀಸರಿನ ಕಾಯಿಲ್. ಬೈಕು ಶುರುವಾಗದಿದ್ದರೆ ಕಿಡಿ ಹಾರಿಸುವ ಕಾಯಿಲ್. ಹಗ್ಗಕ್ಕೆ, ಹಾವಿಗೆ, ತುರುಬಿಗೆ ಯಾರೂ ಕಾಯಿಲ್ ಅನ್ನಲಿಲ್ಲ. ಬ್ರಿಟನ್ನಿನ ಹೆಂಗಸರು ಕಾಯಿಲ್ ಎನ್ನುವ ಗರ್ಭನಿರೋಧಕ ಇಲ್ಲಿಗೂ ಬಂತು. 1965ರಲ್ಲಿ ಸರಕಾರ ಅದನ್ನು ದೇಶದ ತುಂಬ ಹಂಚಲು ಹೊರಟಾಗ ಅದು ಲೂಪು. ನಮ್ಮ ಆರೋಗ್ಯ ಇಲಾಖೆಯ ಕನ್ನಡದಲ್ಲಿ ಅದು ವಂಕಿ, ತೋಳಿನ ಒಡವೆಯ ಹೆಸರು. ಯಾವ ಗುಮಾಸ್ತನೋ ಯಾವ ನರ್ಸಮ್ಮಳೋ, ಆ ಪದ ಇಟ್ಟವರಿಗೆ ಒಂದು ನಮಸ್ಕಾರ.

ಒಂದು ಅಪವಾದ ಕಂಡು ಹಿಗ್ಗಿದ್ದೆ. ತೋರಣಗಲ್ಲಿನ ಕಡೆಯಿಂದ ಬರುವ ಲಾರಿಗಳ ಮೇಲೆ ಸರಪಳಿ ಬಿಗಿದು ಕೂರಿಸಿದ ಉಕ್ಕಿನ ಹಾಳೆಯ ದೊಡ್ಡ ಉರುಳೆಗಳಿಗೂ ಡ್ರೈವರುಗಳು ಕಾಯಿಲ್ ಅನ್ನುತ್ತಾರೆ. ಆದರೆ ಅದನ್ನು ಸುತ್ತುವುದು ಉಕ್ಕು ಕೆಂಪಗೆ ಕಾದು ಗಿರಣಿಯಿಂದ ಹೊರಬಿದ್ದ ಕೂಡಲೇ, ಆರುವ ಮೊದಲು. ಅಬಚಿ ಇಲ್ಲೂ ಗೆದ್ದಳು.

ಮೋಟಾರು ಸಿಗಲು ಎರಡು ದಿನ ಅಂದಿದ್ದ ಮಿಸ್ತ್ರಿ. ಮನೆಯ ಡ್ರಮ್ಮುಗಳಲ್ಲಿ ತುಂಬಿಟ್ಟ ನೀರಿಗೆ ಸೊಳ್ಳೆ ಬಂದವು. ಸಂಜೆ ಅಂಗಡಿಯಿಂದ ಕಾಯಿಲ್ ತಂದೆ, ಹಸಿರು ಬಣ್ಣದ್ದು. ಇದರ ಕತೆಯೂ ಸಿಂಬಿಯದ್ದೇ. ಜಪಾನಿನ ಉಯೆಯಾಮಾ ಎಂಬವನು 1890ರ ಹೊತ್ತಿಗೆ ಸೇವಂತಿಗೆಯ ಕುಲದ ಒಂದು ಹೂವಿನ ಪುಡಿಯಿಂದ ಊದಿನಕಡ್ಡಿಯಂಥದ್ದನ್ನು ಮಾಡಿದ. ಸೊಳ್ಳೆ ಓಡಿದವು, ಆದರೆ ಕಡ್ಡಿ ನಲವತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಉದ್ದ ಮಾಡಿದರೆ ಮುರಿಯುತ್ತಿತ್ತು. 1895ರಲ್ಲಿ ಅವನ ಹೆಂಡತಿ ಯೂಕಿ, ಸಿಂಬಿ ಸುತ್ತಿ ಮಲಗಿದ ಹಾವನ್ನು ಕಂಡು, ಹೀಗೆ ಸುತ್ತಿ ನೋಡಿ ಅಂದಳೆಂದು ಅವರ ಮನೆತನದವರು ಹೇಳುತ್ತಾರೆ. ಮಾರಾಟಕ್ಕೆ ಬಂದದ್ದು 1902ರಲ್ಲಿ. ರಾತ್ರಿಯಿಡೀ ಉರಿಯತೊಡಗಿತು. ಹಾವನ್ನು ನೋಡಿ ಸಿಂಬಿ ಕಂಡವರು ಮಲಪ್ರಭೆಯ ದಂಡೆಯಲ್ಲಿ ಒಬ್ಬಳು, ಜಪಾನಿನಲ್ಲಿ ಒಬ್ಬಳು.

ಪಾಕೀಟಿನಲ್ಲಿ ಎರಡು ಕಾಯಿಲ್ ಒಂದರೊಳಗೊಂದು ಹೆಣೆದು ಒಂದೇ ಬಿಲ್ಲೆಯಾಗಿ ಇರುತ್ತವೆ. ನಡುವಿನಿಂದ ಮೆಲ್ಲಗೆ ಒತ್ತಿ, ಸುತ್ತಿನಿಂದ ಸುತ್ತು ಬಿಡಿಸಬೇಕು. ಅವಸರ ಮಾಡಿದೆ. ಟಪ್ ಎಂದಿತು.

“ಕಾಯಿಲ್ ಮುರದ್ರ್ಯಾ?” ಒಳಗಿನಿಂದ ಮನೆಯವಳು ಕೇಳಿದಳು.

“ಎರಡೂ ಮುರದ್ವು.”

“ಇರಲಿ, ಬತ್ತಿ ಆದ್ವು ಬಿಡ್ರಿ. ತುಳಸಿಕಟ್ಟಿ ಮಣ್ಣಾಗ ಚುಚ್ಚಿ ಹಚ್ರಿ.”

ಏಳು ತುಂಡು ಇದ್ದವು. ಒಂದೊಂದಾಗಿ ಹಚ್ಚುತ್ತ, ನಲವತ್ತು ನಲವತ್ತು ನಿಮಿಷಕ್ಕೆ ಎದ್ದು ಹೋಗುತ್ತ, ಹೊರಗೇ ಕೂತೆ.